ಸೈರನ್ ಕೇಳುವ ಮುಂಚೆ

ಬೆಳಗಿನ ಆರೂವರೆ. ಬೆಂಗಳೂರಿನ ಅಂಜನಾಪುರದ ಯಾವುದೋ ಬ್ಲಾಕಿನ ಹಾಲಿನ ಅಂಗಡಿ. ವಾಕಿಂಗ್ ಮುಗಿಸಿ ಬಂದು ಪ್ಯಾಕೆಟ್‌ಗೆ ಕೈಚಾಚಿದ ಐವತ್ತೈದರ ಆಸುಪಾಸಿನ ಒಬ್ಬರು ಅಲ್ಲೇ ಕುಸಿದುಬಿದ್ದರು ಎಂದುಕೊಳ್ಳೋಣ. ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ. ಇನ್ನೊಬ್ಬರು ‘ಗ್ಯಾಸ್ಟ್ರಿಕ್ ಇರ್ಬೇಕು, ಸೋಡಾ ತನ್ನಿ’ ಎನ್ನುತ್ತಾರೆ. ಕೈಕಾಲು ಅದುರಿದ್ದನ್ನು ಕಂಡ ಮೂರನೆಯವರು ಮೂರ್ಛೆರೋಗವೆಂದು ಬಗೆದು ಬೈಕಿನ ಕೀಲಿಗೊಂಚಲನ್ನು ಅಂಗೈಗೆ ತುರುಕುತ್ತಾರೆ. ನಾಲ್ಕನೆಯವರು ಹೆಗಲು ಹಿಡಿದೆತ್ತಿ ಕೂರಿಸಲು ನೋಡುತ್ತಾರೆ. ‘ಉಸಿರಾಡ್ತಿದಾರೆ, ಏನೂ ಆಗಿಲ್ಲ’ ಎಂದು ಐದನೆಯವರು ಧೈರ್ಯ ಹೇಳುತ್ತಾರೆ. ಎಲ್ಲರೂ ಒಳ್ಳೆಯ ಮನಸ್ಸಿನವರೇ, ಯಾರೂ ಕೈಕಟ್ಟಿ ನಿಂತಿಲ್ಲ. ಆದರೆ ಬಿದ್ದವರ ಹೃದಯ ನಿಂತಿದ್ದರೆ, ಇಷ್ಟು ಕೈಗಳಲ್ಲಿ ಒಂದು ಜೋಡಿಯೂ ಇರಬೇಕಾದ ಜಾಗದಲ್ಲಿಲ್ಲ. ಆ ಜಾಗ ಎದೆಯ ನಟ್ಟನಡುವೆ.

ಅಷ್ಟರಲ್ಲಿ ಯಾರೋ 108ಕ್ಕೆ ಫೋನ್ ಮಾಡಿರುತ್ತಾರೆ. ಯಾವ ಬ್ಲಾಕು, ಯಾವ ಕ್ರಾಸು, ಹತ್ತಿರದ ಗುರುತೇನು ಎಂದು ಅತ್ತಲಿಂದ ಕೇಳುತ್ತಾರೆ. ಗುರುತು ಹೇಳುವುದರಲ್ಲೇ ಒಂದು ನಿಮಿಷ ಕಳೆಯುತ್ತದೆ.

ಆ ಒಂದು ನಿಮಿಷದ ಬೆಲೆಯನ್ನು ವೈದ್ಯವಿಜ್ಞಾನ ಅಳೆದಿಟ್ಟಿದೆ. ಹೃದಯ ನಿಂತ ಮೇಲೆ ಯಾರೂ ಎದೆ ಒತ್ತದಿದ್ದರೆ, ವಿದ್ಯುತ್ ಆಘಾತವೂ ಸಿಗದಿದ್ದರೆ, ಬದುಕುಳಿಯುವ ಸಾಧ್ಯತೆ ನಿಮಿಷಕ್ಕೆ ಶೇ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ. ನಾಲ್ಕರಿಂದ ಆರು ನಿಮಿಷಕ್ಕೆ ಮಿದುಳಿನ ಕೋಶಗಳು ಸಾಯತೊಡಗುತ್ತವೆ. ಪಕ್ಕದಲ್ಲಿದ್ದ ಯಾರಾದರೂ ಎದೆ ಒತ್ತಲು ಶುರುಮಾಡಿದರೆ ಇಳಿತ ನಿಮಿಷಕ್ಕೆ ಶೇ 3–4ಕ್ಕೆ ತಗ್ಗುತ್ತದೆ. ಇಳಿಯುವುದು ನಿಲ್ಲುವುದಿಲ್ಲ, ಆದರೆ ಸಮಯ ಸಿಗುತ್ತದೆ.

ಅಂಜನಾಪುರಕ್ಕೆ ಬೇಕಿರುವುದೂ ಆ ಸಮಯವೇ. ಕನಕಪುರ ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಬಿಡಿಎ ಹಾಸಿದ ಬಡಾವಣೆಯಿದು. ಹತ್ತಿರದ ಮೆಟ್ರೊ ಎಂದರೆ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣ, ಹಸಿರು ಮಾರ್ಗದ ದಕ್ಷಿಣದ ತುದಿ. 2021ರ ಜನವರಿಯಲ್ಲಿ ಅಲ್ಲಿಯವರೆಗೆ ರೈಲು ಬಂತು. ಆದರೆ ಆಂಬುಲೆನ್ಸ್ ಹಳಿಯ ಮೇಲೆ ಬರುವುದಿಲ್ಲ. ಹೃದ್ರೋಗಕ್ಕೆ ಎಲ್ಲರೂ ನೆನೆಯುವ ಜಯದೇವ ಸಂಸ್ಥೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿದೆ. ಆ ದಾರಿಯಲ್ಲಿ ವಾಟರ್ ಟ್ಯಾಂಕರ್‌ಗಳು, ಶಾಲಾ ವಾಹನಗಳು, ರಸ್ತೆಯುಬ್ಬುಗಳು, ವರ್ಷಗಟ್ಟಲೆ ನಡೆದ ಮೆಟ್ರೊ ಕಾಮಗಾರಿ. ಆಂಬುಲೆನ್ಸ್ ಹತ್ತೇ ನಿಮಿಷದಲ್ಲಿ ಬಂತೆಂದು ಇಟ್ಟುಕೊಂಡರೂ, ಆ ಹತ್ತು ನಿಮಿಷ ನೆರೆಹೊರೆಯವರ ಕೈಯಲ್ಲೇ ಇರುತ್ತದೆ.

ಗುಂಯ್‌ಗುಡುವ ಮೋಟರು

ಹೃದಯಾಘಾತ, ಹೃದಯಸ್ತಂಭನ ಎರಡನ್ನೂ ಮಾತಿನಲ್ಲಿ ಒಂದೇ ಮಾಡಿಬಿಡುತ್ತೇವೆ. ಎರಡಕ್ಕೂ ‘ಹಾರ್ಟ್ ಅಟ್ಯಾಕ್’ ಎಂದೇ ಹೆಸರು. ಬೋರ್‌ವೆಲ್ ನೀರು ನೆಚ್ಚಿಕೊಂಡ ಬಡಾವಣೆಯವರಿಗೆ ವ್ಯತ್ಯಾಸ ಹೇಳುವುದು ಸುಲಭ. ಪೈಪಿನಲ್ಲಿ ಏನೋ ಕಟ್ಟಿಕೊಂಡು ನೀರು ಸಣ್ಣಗಾಗುವುದು ಒಂದು ಬಗೆಯ ತೊಂದರೆ. ಮೂರು ಫೇಸಿನಲ್ಲಿ ಒಂದು ಹೋಗಿ ಮೋಟರು ಗುಂಯ್ ಎನ್ನುತ್ತ, ತಿರುಗದೆ, ಹನಿ ನೀರನ್ನೂ ಎತ್ತದೆ ನಿಲ್ಲುವುದು ಇನ್ನೊಂದು ಬಗೆ.

ಮೊದಲನೆಯದು ಹೃದಯಾಘಾತ. ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಧಮನಿಯಲ್ಲಿ ಹೆಪ್ಪು ಕಟ್ಟಿಕೊಳ್ಳುತ್ತದೆ. ರೋಗಿ ಸಾಮಾನ್ಯವಾಗಿ ಎಚ್ಚರದಲ್ಲಿರುತ್ತಾನೆ. ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಿಯುವ ನೋವು, ಬೆವರು, ಸಂಕಟ ಎನ್ನುತ್ತಾನೆ. ಅವನ ಎದೆ ಒತ್ತಬಾರದು, ಬೇಗ ಆಸ್ಪತ್ರೆ ಸೇರಿಸಬೇಕು. ಎರಡನೆಯದು ಹೃದಯಸ್ತಂಭನ. ಹೃದಯದ ಮಿಡಿತಕ್ಕೆ ತಾಳ ಕೊಡುವ ವಿದ್ಯುತ್ ಸಂಕೇತವೇ ಹದತಪ್ಪಿ, ಸ್ನಾಯು ಎಳೆಎಳೆಯಾಗಿ ಅದುರುತ್ತದೆಯೇ ಹೊರತು ರಕ್ತವನ್ನು ಮುಂದಕ್ಕೆ ತಳ್ಳುವುದಿಲ್ಲ. ಹತ್ತು–ಹದಿನೈದು ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ. ದೊಡ್ಡವರಲ್ಲಿ ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡುವುದೇ ಹೆಚ್ಚು. ಬೆಳಿಗ್ಗೆಯಿಂದ ‘ಗ್ಯಾಸ್’ ಎಂದುಕೊಂಡು ಓಂಕಾಳಿನ ನೀರು ಕುಡಿಯುತ್ತ ಕೂತವರು ಮಧ್ಯಾಹ್ನ ಕುಸಿಯುವುದು ಇದರಿಂದಲೇ.

ಕುಸಿದವರನ್ನು ಸುತ್ತುವರಿದವರು ಮೋಸಹೋಗುವುದು ಒಂದು ಸದ್ದಿನಿಂದ. ಹೃದಯ ನಿಂತ ಮೊದಲ ಕೆಲವು ನಿಮಿಷ ಹಲವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕ್ಕೆನ್ನುತ್ತಾರೆ, ಗಾಳಿಗೆ ತಡಕಾಡುತ್ತಾರೆ. ಹಳಬರು ಇದನ್ನು ‘ಮೇಲುಸಿರು’ ಎನ್ನುತ್ತಿದ್ದರು. ಮನೆಯ ಹಿರಿಯರು ಆ ಉಸಿರನ್ನು ಕಂಡೊಡನೆ ಬಾಯಿಗೆ ಗಂಗಾಜಲ ಬಿಡಲು ಹೇಳುತ್ತಿದ್ದರು. ಅವರ ಗುರುತು ಸರಿಯಾಗಿಯೇ ಇತ್ತು, ಅದು ಬದುಕಿನ ಉಸಿರಲ್ಲ. ಇವತ್ತಿನ ತರಬೇತಿ ಅದೇ ಗುರುತನ್ನು ಹಿಡಿದು ಬೇರೆ ಕೆಲಸ ಹೇಳುತ್ತದೆ: ಕರೆದರೆ ಓಗೊಡುತ್ತಿಲ್ಲ, ಉಸಿರು ಇಲ್ಲ ಅಥವಾ ಮೇಲುಸಿರು ಮಾತ್ರ ಇದೆ ಎಂದಾದರೆ ಹೃದಯ ನಿಂತಿದೆ ಎಂದೇ ತಿಳಿದು ಒತ್ತಲು ತೊಡಗಿ. ಬಾಯಿಗೆ ನೀರನ್ನಂತೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಎಂಜಿನಿಯರ್ ಕಂಡದ್ದು, ಗೊಂಬೆ ಕಲಿಸಿದ್ದು

ಎದೆ ಒತ್ತಿ ಜೀವ ಹಿಡಿದಿಡುವ ಈ ವಿದ್ಯೆಗೆ, ಎಂದರೆ ಸಿಪಿಆರ್‌ಗೆ, ವಯಸ್ಸು ಹೆಚ್ಚಿಲ್ಲ. 1767ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೀರಿಗೆ ಬಿದ್ದವರನ್ನು ಉಳಿಸಲೆಂದೇ ಒಂದು ಸಂಘ ಹುಟ್ಟಿತು. ಮೈ ಬೆಚ್ಚಗಾಗಿಸುವುದು, ಬಾಯಿಗೆ ಬಾಯಿಟ್ಟು ಗಾಳಿ ಊದುವುದರ ಜೊತೆಗೆ ಗುದದ್ವಾರದ ಮೂಲಕ ತಂಬಾಕಿನ ಹೊಗೆ ಊದುವುದೂ ಅದರ ಚಿಕಿತ್ಸೆಯಲ್ಲಿ ಸೇರಿತ್ತು. ನಮ್ಮ ಹಳ್ಳಿಗಳಲ್ಲಿ ಕೆರೆಯಿಂದೆತ್ತಿದವರನ್ನು ಬೋರಲು ಹಾಕಿ ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇವತ್ತಿಗೂ ಉಳಿದಿದೆ.

ದಾರಿ ಬದಲಾದದ್ದು 1960ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಬದಲಿಸಿದವರಲ್ಲಿ ಹಿರಿಯರು ವೈದ್ಯರಲ್ಲ, ವಿಲಿಯಂ ಕೌವೆನ್‌ಹೋವೆನ್ ಎಂಬ 74ರ ಎಲೆಕ್ಟ್ರಿಕಲ್ ಎಂಜಿನಿಯರ್. ವಿದ್ಯುತ್ ಆಘಾತದಿಂದ ನಿಂತ ಹೃದಯವನ್ನು ವಿದ್ಯುತ್ತಿನಿಂದಲೇ ಮತ್ತೆ ಓಡಿಸುವ ಪ್ರಯೋಗದಲ್ಲಿ ಅವರ ತಂಡವಿತ್ತು. ನಾಯಿಯ ಎದೆಗೆ ಆಘಾತ ಕೊಡುವ ಭಾರದ ಫಲಕಗಳನ್ನು ಒತ್ತಿಹಿಡಿದಾಗ, ವಿದ್ಯುತ್ ಹರಿಸುವ ಮೊದಲೇ ರಕ್ತದ ಒತ್ತಡ ತುಸು ಏರಿದ್ದು ಶಿಷ್ಯ ಗೈ ನಿಕರ್‌ಬಾಕರ್ ಕಣ್ಣಿಗೆ ಬಿತ್ತು. ಬರೀ ಒತ್ತಿದರೇ ರಕ್ತ ಹರಿಯುತ್ತದೆಯೇ? ಶಸ್ತ್ರವೈದ್ಯ ಜೇಮ್ಸ್ ಜೂಡ್ ಜೊತೆ ಸೇರಿ ಅವರು ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಿದರು. ಮೊದಲು ಪ್ರಕಟಿಸಿದ 20 ರೋಗಿಗಳಲ್ಲಿ 14 ಮಂದಿ ಬದುಕಿದ್ದರು. ಎದೆ ಸೀಳದೆ, ಎರಡು ಬರಿಗೈಯಿಂದ ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಬಹುದಾದ ಕೆಲಸವಿದು ಎಂದು ಆ ಪ್ರಬಂಧ ಸಾರಿತು.

ಆದರೆ ಯಾರು ಬೇಕಾದರೂ ಮಾಡಬೇಕೆಂದರೆ ಕಲಿಯುವುದು ಯಾರ ಮೇಲೆ? ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್ ಮೆದುಪ್ಲಾಸ್ಟಿಕ್ಕಿನ ಆಳೆತ್ತರದ ಗೊಂಬೆಯನ್ನು ಮಾಡಿಕೊಟ್ಟರು. ನೀರಲ್ಲಿ ಮುಳುಗಿದ್ದ ಎಳೆಯ ಮಗನನ್ನು ಅವರು ತಾವೇ ಉಳಿಸಿಕೊಂಡಿದ್ದವರು. ಪ್ಯಾರಿಸ್ಸಿನ ಸೆನ್ ನದಿಯಲ್ಲಿ ಸಿಕ್ಕಿದಳೆನ್ನಲಾದ ಹೆಸರಿಲ್ಲದ ತರುಣಿಯೊಬ್ಬಳ ಮುಖದ ಅಚ್ಚನ್ನು ಗೊಂಬೆಗೆ ಕೊಟ್ಟರು. ಇವತ್ತಿಗೂ ಬೆಂಗಳೂರಿನ ತರಬೇತಿ ಕೋಣೆಗಳ ಚಾಪೆಯ ಮೇಲೆ ಮಲಗಿರುವ ಗೊಂಬೆಗಳು ಆ ವಂಶದವೇ. ಸರಿಯಾದ ಆಳಕ್ಕೆ ಒತ್ತಿದರೆ ಒಳಗಿನಿಂದ ‘ಟಕ್’ ಎನ್ನುತ್ತವೆ. ಮೊದಲ ಸಲ ಒತ್ತುವವರಲ್ಲಿ ಹಲವರಿಗೆ ಆ ಟಕ್ ಕೇಳಿಸುವುದೇ ಇಲ್ಲ. ನೋವಾದೀತೆಂದು ಗೊಂಬೆಗೂ ಹೆದರಿ ಮೆಲ್ಲಗೆ ಒತ್ತುತ್ತಾರೆ.

ಐದು ಸೆಂಟಿಮೀಟರ್

ಮಾಡಬೇಕಾದ್ದು ಇಷ್ಟು. ಮೊದಲು ಸುತ್ತ ನೋಡಿ ಜಾಗ ಸುರಕ್ಷಿತವೇ ಎಂದು ತಿಳಿಯಬೇಕು. ಎರಡೂ ಹೆಗಲು ತಟ್ಟಿ ‘ಸಾರ್, ಸಾರ್, ಕೇಳಿಸ್ತಿದೆಯಾ?’ ಎಂದು ಗಟ್ಟಿಯಾಗಿ ಕರೆಯಬೇಕು. ಉತ್ತರವಿಲ್ಲ, ಉಸಿರು ಸರಿಯಿಲ್ಲ ಎಂದಾದರೆ ಗುಂಪಿನಲ್ಲಿ ಒಬ್ಬರನ್ನು ಬೆರಳು ಮಾಡಿಯೇ ತೋರಿಸಿ ‘ಅಣ್ಣಾ, ನೀವು 108ಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ’ ಎನ್ನಬೇಕು. ‘ಯಾರಾದರೂ ಫೋನ್ ಮಾಡಿ’ ಎಂದರೆ ಯಾರೂ ಮಾಡುವುದಿಲ್ಲ, ಎಲ್ಲರೂ ಇನ್ನೊಬ್ಬರು ಮಾಡಿದರೆಂದುಕೊಳ್ಳುತ್ತಾರೆ. ಸಾಮಾನ್ಯ ಜನ ನಾಡಿ ಹುಡುಕಲು ಹೋಗುವುದು ಬೇಡ. ಗಾಬರಿಯಲ್ಲಿ ತಮ್ಮ ಬೆರಳಿನ ಮಿಡಿತವನ್ನೇ ರೋಗಿಯದೆಂದು ತಿಳಿಯುವ ಸಂಭವ ಹೆಚ್ಚು.

ಬಿದ್ದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಹಾಸಿಗೆಯ ಮೇಲೆ ಒತ್ತಿದರೆ ತಗ್ಗುವುದು ಹಾಸಿಗೆ, ಎದೆಯಲ್ಲ. ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈ ಹೆಣೆದು, ಮೊಣಕೈ ಮಡಚದೆ, ಸೊಂಟದಿಂದ ಬಾಗಿ ಮೈಭಾರ ಬಿಡಬೇಕು. ಕನಿಷ್ಠ 5 ಸೆಂಟಿಮೀಟರ್ ಆಳ, 6ನ್ನು ಮೀರಬಾರದು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಹೃದಯದೊಳಕ್ಕೆ ರಕ್ತ ತುಂಬುವುದು ಆ ಬಿಡುವಿನಲ್ಲೇ. ಒಂದಿಬ್ಬರ ಪಕ್ಕೆಲುಬು ಲಟಕ್ಕೆಂದೀತು. ನಿಲ್ಲಿಸಬಾರದು.

ತಾಳ ತಪ್ಪದಿರಲು ಎಣಿಸುತ್ತ ಒತ್ತುವುದು ವಾಡಿಕೆ. ಕನ್ನಡದಲ್ಲಿ ಎಣಿಸುವವರಿಗೆ ಇಲ್ಲೊಂದು ತೊಡಕಿದೆ. ಒಂದ್, ಎರಡ್, ಮೂರ್ ಎಂದು ಹತ್ತರವರೆಗೆ ಸರಾಗ. ‘ಇಪ್ಪತ್ತೊಂಬತ್ತು’ ಎಂಬಷ್ಟರಲ್ಲಿ ಕೈ ನಿಧಾನವಾಗುತ್ತದೆ. ಹತ್ತರವರೆಗೆ ಎಣಿಸಿ ಮತ್ತೆ ಒಂದರಿಂದ ಶುರುಮಾಡಿದರೆ ಸಾಕು. ಮೂರು ಹತ್ತಾದರೆ ಮೂವತ್ತು.

ಬಾಯಿಗೆ ಬಾಯಿಟ್ಟು ಉಸಿರು ಕೊಡಲೇಬೇಕೆ ಎಂಬ ಅಳುಕಿಗೆ ಭಾರತದಲ್ಲೇ ಒಂದು ಉತ್ತರ ಸಿದ್ಧವಾಗಿದೆ. ಇಂಡಿಯನ್ ರೆಸಸಿಟೇಶನ್ ಕೌನ್ಸಿಲ್ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಸಾಮಾನ್ಯ ಜನರಿಗೆ ಎದೆ ಒತ್ತುವುದನ್ನಷ್ಟೇ ಹೇಳುತ್ತದೆ. ಅದಕ್ಕೆ ‘ಕೋಲ್ಸ್’ ಎಂಬ ಚುಟುಕು ಹೆಸರು. ದೊಡ್ಡವರು ದಿಢೀರನೆ ಕುಸಿದಾಗ ರಕ್ತದಲ್ಲಿ ಇನ್ನೂ ಕೆಲವು ನಿಮಿಷಕ್ಕಾಗುವಷ್ಟು ಆಮ್ಲಜನಕ ಇರುತ್ತದೆ. ಅದನ್ನು ಮಿದುಳಿಗೆ ತಲುಪಿಸುವ ತಳ್ಳು ಮಾತ್ರ ಬೇಕು.

ಇನ್ನೊಂದು ಅಳುಕನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಿದ್ದವರು ಹೆಂಗಸಾದರೆ ಎದೆ ಮುಟ್ಟುವುದು ಹೇಗೆ? ಇದು ನಮ್ಮ ಸಂಕೋಚ ಮಾತ್ರವೇ ಅಲ್ಲ. ಅಮೆರಿಕದ ಅಧ್ಯಯನವೊಂದರಲ್ಲಿ ಸಾರ್ವಜನಿಕ ಜಾಗದಲ್ಲಿ ಕುಸಿದ ಗಂಡಸರಲ್ಲಿ ಶೇ 45 ಮಂದಿಗೆ ದಾರಿಹೋಕರ ಸಿಪಿಆರ್ ಸಿಕ್ಕಿದ್ದರೆ, ಹೆಂಗಸರಲ್ಲಿ ಶೇ 39 ಮಂದಿಗೆ ಮಾತ್ರ. ಕೈ ಇಡುವುದು ಎದೆಮೂಳೆಯ ಮೇಲೆ. ಸೀರೆ, ಕುಪ್ಪಸದ ಮೇಲಿನಿಂದಲೇ ಒತ್ತಬಹುದು. ಸುತ್ತ ನಿಂತವರು ದುಪಟ್ಟಾವನ್ನೋ ಬೆಡ್‌ಶೀಟನ್ನೋ ಮರೆಯಾಗಿ ಹಿಡಿಯಬಹುದು. ವಿದ್ಯುತ್ ಆಘಾತದ ಪ್ಯಾಡ್ ಅಂಟಿಸುವಾಗ ಮಾಂಗಲ್ಯದ ಸರವನ್ನು ಪಕ್ಕಕ್ಕೆ ಸರಿಸಿದರೆ ಸಾಕು, ಕಿತ್ತುತೆಗೆಯಬೇಕಿಲ್ಲ.

ಇಎಂಟಿ ಮತ್ತು ಪೈಲಟ್

ಕರ್ನಾಟಕದಲ್ಲಿ 108ರ ‘ಆರೋಗ್ಯ ಕವಚ’ ಸೇವೆ ಶುರುವಾದದ್ದು 2008ರ ರಾಜ್ಯೋತ್ಸವದ ದಿನ. ಪ್ರತಿ ವಾಹನದಲ್ಲಿ ಇಬ್ಬರು: ಒಬ್ಬ ಇಎಂಟಿ, ಎಂದರೆ ತುರ್ತು ಚಿಕಿತ್ಸೆಯ ತಂತ್ರಜ್ಞ, ಮತ್ತೊಬ್ಬ ಪೈಲಟ್. ಚಾಲಕನನ್ನು ಆ ವಲಯದಲ್ಲಿ ಪೈಲಟ್ ಎಂದೇ ಕರೆಯುತ್ತಾರೆ. ಬೆಂಗಳೂರಿನ ಸಂದಿಗೊಂದಿಗಳಿಗೆಂದು 2015ರಲ್ಲಿ ಬೈಕ್ ಆಂಬುಲೆನ್ಸ್‌ಗಳೂ ರಸ್ತೆಗಿಳಿದವು.

ವೃತ್ತಿಪರರ ಪ್ರಾಥಮಿಕ ಜೀವರಕ್ಷಣೆ, ಅವರ ಮಾತಿನಲ್ಲಿ ಬಿಎಲ್‌ಎಸ್, ಜನಸಾಮಾನ್ಯರದಕ್ಕಿಂತ ಬಿಗಿಯಾದದ್ದು. ಕುತ್ತಿಗೆಯ ನಾಡಿ, ಉಸಿರು ಎರಡನ್ನೂ ಒಟ್ಟಿಗೇ ನೋಡಿ 10 ಸೆಕೆಂಡಿನೊಳಗೆ ತೀರ್ಮಾನಿಸಬೇಕು. 30 ಒತ್ತು, ಆಮೇಲೆ ಆಂಬು ಬ್ಯಾಗ್ ಎಂಬ ಹಿಸುಕುವ ಗಾಳಿಚೀಲದಿಂದ 2 ಉಸಿರು. ಪ್ರತಿ ಉಸಿರು ಒಂದೇ ಸೆಕೆಂಡು, ಎದೆ ಏಳುವಷ್ಟೇ ಗಾಳಿ. ಹುರುಪಿನಿಂದ ಹೆಚ್ಚು ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗಿ ಕೆಲಸ ಕೆಡುತ್ತದೆ. ಯಾವ ಕಾರಣಕ್ಕೂ ಒತ್ತುವುದು 10 ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಎರಡೆರಡು ನಿಮಿಷಕ್ಕೆ ಆಳು ಬದಲಾಗಬೇಕು. ಎರಡು ನಿಮಿಷದ ಮೇಲೆ ಒತ್ತಿನ ಆಳ ಕಡಿಮೆಯಾಗುತ್ತದೆ, ಒತ್ತುವವನಿಗೆ ಅದು ತಿಳಿಯುವುದೂ ಇಲ್ಲ.

ಈ ಲೆಕ್ಕವನ್ನು ಇಬ್ಬರೇ ಇರುವ ವಾಹನಕ್ಕೆ ಹೊಂದಿಸಿ ನೋಡಿ. ಒಬ್ಬರು ಒತ್ತಬೇಕು, ಒಬ್ಬರು ಉಸಿರು ಕೊಡಬೇಕು, ಯಾರಾದರೂ ವಿದ್ಯುತ್ ಆಘಾತದ ಯಂತ್ರ ಜೋಡಿಸಬೇಕು, ಸ್ಟ್ರೆಚರ್ ತರಬೇಕು, ಗಾಡಿಯನ್ನೂ ಓಡಿಸಬೇಕು. ಅಪಾರ್ಟ್‌ಮೆಂಟಿನ ಸಣ್ಣ ಲಿಫ್ಟಿನಲ್ಲಿ ಸ್ಟ್ರೆಚರ್ ಅಡ್ಡ ಹಿಡಿಸುವುದಿಲ್ಲ. ಓಡುವ ಗಾಡಿಯಲ್ಲಿ, ಉಬ್ಬಿನಿಂದ ಉಬ್ಬಿಗೆ ಕುಲುಕುತ್ತ ಒತ್ತಿದ ಒತ್ತು ನೆಟ್ಟಗೆ ಬೀಳುವುದಿಲ್ಲ. ಹಾಗಾಗಿ ಹೃದಯ ನಿಂತವರನ್ನು ಎತ್ತಿಕೊಂಡು ಓಡುವುದಕ್ಕಿಂತ ಬಿದ್ದಲ್ಲೇ ಒಳ್ಳೆಯ ಸಿಪಿಆರ್, ಬೇಗನೆ ವಿದ್ಯುತ್ ಆಘಾತ ಕೊಡುವುದೇ ಮೇಲೆಂದು ಪಾಠ ಹೇಳುತ್ತದೆ. ಆಂಬುಲೆನ್ಸ್ ಬಂದ ಮೇಲೂ ಒತ್ತಲು ಬಲ್ಲ ಮೂರನೆಯ, ನಾಲ್ಕನೆಯ ಜೋಡಿ ಕೈ ಬೇಕಾಗುತ್ತದೆ. ಅಕ್ಕಪಕ್ಕದವರು ಅಲ್ಲಿಗೆ ಪ್ರೇಕ್ಷಕರಾಗಿಬಿಡಬಾರದು.

ನೀರು, ಕರೆಂಟು, ಇಡ್ಲಿ ತುಂಡು

ಎಲ್ಲ ಸಾವೂ ಹೃದಯದಿಂದಲೇ ಶುರುವಾಗುವುದಿಲ್ಲ. ಕೆರೆಗೋ ಸಂಪಿಗೋ ಬಿದ್ದವರಲ್ಲಿ ಮೊದಲು ತೀರುವುದು ಆಮ್ಲಜನಕ, ಹೃದಯ ನಿಲ್ಲುವುದು ಆಮೇಲೆ. ಇವರಿಗೆ ಬರೀ ಒತ್ತಿದರೆ ಸಾಲದು, ಉಸಿರೂ ಬೇಕು, ಅದೂ ಮೊದಲು. ಹೊಟ್ಟೆ ಒತ್ತಿ ನೀರು ತೆಗೆಯುವುದರಿಂದ ಶ್ವಾಸಕೋಶಕ್ಕೆ ಏನೂ ಲಾಭವಿಲ್ಲ. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬರುವ ಅಪಾಯ ಮಾತ್ರ. ನೂಕುನುಗ್ಗಲಿನಲ್ಲಿ ನಲುಗಿದವರದೂ ಉಸಿರಿನ ಕತೆಯೇ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅಂದು ರಸ್ತೆಯಲ್ಲೇ ಎದೆ ಒತ್ತುತ್ತಿದ್ದವರ ದೃಶ್ಯಗಳನ್ನು ಊರೆಲ್ಲ ನೋಡಿತು.

‘ಮೊದಲು ಜಾಗ ನೋಡು’ ಎಂಬ ಪಾಠ ಕರೆಂಟಿನ ಮುಂದೆ ಅರ್ಥವಾಗುತ್ತದೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಬಳಿ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ ತಂತಿ ತುಳಿದು ತಾಯಿಯೂ ಹಸುಗೂಸೂ ಸತ್ತರು, ಬಿಡಿಸಲು ಹೋದ ಗಂಡನಿಗೂ ಗಾಯವಾಯಿತು. ತಂತಿಗೆ ತಗುಲಿಕೊಂಡವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ತೆಗೆಯಬೇಕು, ಬೀದಿಯಾದರೆ 1912ಕ್ಕೆ ಕರೆ ಮಾಡಿ ಲೈನ್ ಆಫ್ ಮಾಡಿಸಬೇಕು. ವಿದ್ಯುತ್ ಕಡಿದ ಮೇಲೆ ಸಿಪಿಆರ್‌ಗೆ ಒಳ್ಳೆಯ ಫಲವಿದೆ, ಏಕೆಂದರೆ ನಿಂತಿರುವುದು ಬಹುತೇಕ ಆರೋಗ್ಯವಂತ ಹೃದಯ. ಸಂಪಿನೊಳಗೆ, ಮ್ಯಾನ್‌ಹೋಲಿನೊಳಗೆ ಪ್ರಜ್ಞೆ ತಪ್ಪಿದವರ ಹಿಂದೆ ಇಳಿಯುವುದೂ ಇದೇ ಬಗೆಯ ತಪ್ಪು. ಒಬ್ಬರ ಹಿಂದೆ ಒಬ್ಬರು ಇಳಿದು ಮೂವರು ಸತ್ತ ಸುದ್ದಿ ಪತ್ರಿಕೆಗೆ ಹೊಸದಲ್ಲ.

ಊಟದ ಮೇಜಿನ ಬಳಿಯ ಅಪಾಯಕ್ಕೆ ಹೊಸ ಸೂತ್ರ ಬಂದಿದೆ. ಗಂಟಲಲ್ಲಿ ಇಡ್ಲಿ ತುಂಡೋ ಮಾಂಸದ ಚೂರೋ ಸಿಕ್ಕಿ ಮಾತು, ಕೆಮ್ಮು ಎರಡೂ ನಿಂತರೆ, ದೊಡ್ಡವರಿಗೂ ಮಕ್ಕಳಿಗೂ ಹೆಗಲ ಮೂಳೆಗಳ ನಡುವೆ ಬೆನ್ನಿಗೆ ಐದು ಗುದ್ದು, ಆಮೇಲೆ ಹೊಕ್ಕುಳ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸೆಳೆತ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಶನ್‌ನ 2025ರ ಮಾರ್ಗಸೂಚಿ ಹೇಳುತ್ತದೆ. ವರ್ಷದೊಳಗಿನ ಕೂಸಿಗೆ ಹೊಟ್ಟೆಯ ಸೆಳೆತ ಕೂಡದು: ತೋಳಿನ ಮೇಲೆ ತಲೆ ತಗ್ಗಿಸಿ ಮಲಗಿಸಿ ಬೆನ್ನಿಗೆ ಐದು, ತಿರುಗಿಸಿ ಎದೆಗೆ ಐದು. ನೆತ್ತಿ ತಟ್ಟುವುದು, ನೀರು ಕುಡಿಸುವುದು ಎರಡೂ ಇದರಲ್ಲಿಲ್ಲ.

ಇಸಿಜಿಗೆ ಸಾಲು, ಸಿಪಿಆರ್‌ಗೆ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಜಯದೇವದ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. 2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಸಾವಿನ ಸುದ್ದಿ ಬಂದಾಗ ಮತ್ತೆ ಅದೇ ಸಾಲು. ಪುನೀತ್ ಹೆಸರಿನಲ್ಲಿ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ನೋಡಿ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುತ್ತಾರೆ. ಸಾರ್ವಜನಿಕ ಜಾಗಗಳಲ್ಲಿ ವಿದ್ಯುತ್ ಆಘಾತದ ಯಂತ್ರ ಇಡುವ ಯೋಚನೆಯೂ ಅದರಲ್ಲಿ ಸೇರಿದೆ.

ಇಸಿಜಿ ಮಾಡಿಸಿಕೊಂಡರೆ ಲಾಭ ಮಾಡಿಸಿಕೊಂಡವರಿಗೆ. ಸಿಪಿಆರ್ ಕಲಿತರೆ ಲಾಭ ಪಕ್ಕದವರಿಗೆ. ತನ್ನ ಎದೆಯನ್ನು ತಾನೇ ಒತ್ತಿಕೊಳ್ಳಲಾಗದು. ಕಲಿಯುವವರ ಸಾಲು ಚಿಕ್ಕದಾಗಲು ಇದೂ ಒಂದು ಕಾರಣವಿರಬೇಕು. ಆದರೆ ಆಸ್ಪತ್ರೆಯ ಹೊರಗಿನ ಹೃದಯಸ್ತಂಭನಗಳಲ್ಲಿ ಹತ್ತಕ್ಕೆ ಏಳರಷ್ಟು ನಡೆಯುವುದು ಮನೆಯಲ್ಲೇ. ಆ ‘ಪಕ್ಕದವರು’ ಹೆಚ್ಚಿನ ಸಲ ಗಂಡ, ಹೆಂಡತಿ, ಅಪ್ಪ, ಅಮ್ಮ.

ಕಲಿಯಲು ಅಂಜನಾಪುರದವರು ಊರು ಬಿಟ್ಟು ಹೋಗಬೇಕಿಲ್ಲ. ಜಯನಗರ 4ನೇ ಟಿ ಬ್ಲಾಕಿನಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಜೊತೆಗೂಡಿ ಜೀವರಕ್ಷಾ ಟ್ರಸ್ಟ್ ತುರ್ತು ಜೀವರಕ್ಷಣೆಯ ತರಬೇತಿ ನಡೆಸುತ್ತ ಬಂದಿದೆ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳೂ ಪ್ರಥಮ ಚಿಕಿತ್ಸೆ ಕಲಿಸುತ್ತವೆ. ವೃತ್ತಿಪರರ ಬಿಎಲ್‌ಎಸ್ ಪ್ರಮಾಣಪತ್ರಕ್ಕೆ ಎರಡು ವರ್ಷದ ಆಯಸ್ಸು. ಆದರೆ ಕೈ ಅದಕ್ಕಿಂತ ಬೇಗ ಮರೆಯುತ್ತದೆ, ಕೆಲವೇ ತಿಂಗಳಲ್ಲಿ ಆಳವೂ ತಾಳವೂ ತಪ್ಪುತ್ತವೆ. ಗೊಂಬೆಯ ಮೇಲೆ ಆಗಾಗ ಎರಡು ನಿಮಿಷ ಒತ್ತುವುದೇ ಅದಕ್ಕೆ ಮದ್ದು.

‘ಒತ್ತಿದ ಮೇಲೆ ಸತ್ತರೆ ಪೊಲೀಸರು ನನ್ನನ್ನೇ ಹಿಡಿಯುತ್ತಾರೆ’ ಎಂಬ ಭಯಕ್ಕೆ ಕಾನೂನು ಉತ್ತರ ಕೊಟ್ಟಿದೆ, ಅದು ಬಂದದ್ದು ರಸ್ತೆ ಅಪಘಾತಗಳ ದಾರಿಯಿಂದ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡಾದ ತರುಣ ಹರೀಶ್, ಸಾಯುವ ಮುನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡದ್ದು ರಾಜ್ಯವನ್ನು ಕಲಕಿತ್ತು. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ ₹25,000ದವರೆಗೆ ಉಚಿತ ಚಿಕಿತ್ಸೆಯ ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆ ಬಂದದ್ದು ಅದರ ಬೆನ್ನಿಗೇ. ಅದೇ ವರ್ಷದ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವಿಗೆ ಬಂದವರ ರಕ್ಷಣೆಯ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿತು. ಅವರಿಗಾಗಿಯೇ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ. 2016ರಲ್ಲಿ ವಿಧಾನಮಂಡಲ ಒಪ್ಪಿದ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸದುದ್ದೇಶದಿಂದ ಕೈಹಾಕಿದವರನ್ನು ಹೆಸರು ಹೇಳಲು, ಆಸ್ಪತ್ರೆಯಲ್ಲಿ ಕಾಯಲು ಬಲವಂತ ಮಾಡುವಂತಿಲ್ಲ.

ಗೇಟಿನಲ್ಲಿ ಕೂತವರು

ಡೆನ್ಮಾರ್ಕ್ ಈ ವಿದ್ಯೆಯನ್ನು ಡ್ರೈವಿಂಗ್ ಲೈಸೆನ್ಸಿಗೂ ಶಾಲೆಗೂ ಕಟ್ಟಿಹಾಕಿತು. ಅಲ್ಲಿ 2001ರಲ್ಲಿ ಶೇ 21ರಷ್ಟಿದ್ದ ದಾರಿಹೋಕರ ಸಿಪಿಆರ್ 2010ಕ್ಕೆ ಶೇ 45 ಮುಟ್ಟಿತು. ತಿಂಗಳ ನಂತರವೂ ಬದುಕಿದ್ದವರ ಪ್ರಮಾಣ ಶೇ 3.5ರಿಂದ ಶೇ 10.8ಕ್ಕೆ ಏರಿತು. ಇಡೀ ದೇಶಕ್ಕೆ ಕಲಿಸುವುದು ದೊಡ್ಡ ಮಾತಾದರೆ, ಒಂದು ಬಡಾವಣೆಗೆ ಹೊಂದುವ ಪಾಠ ಇನ್ನೊಂದು ಕಡೆಯಿದೆ: ಲಾಸ್ ವೇಗಸ್ಸಿನ ಜೂಜುಮನೆಗಳಲ್ಲಿ.

ಅಲ್ಲಿನ ಸೆಕ್ಯುರಿಟಿ ಗಾರ್ಡ್‌ಗಳಿಗೆ ಸಿಪಿಆರ್ ಜೊತೆಗೆ ಎಇಡಿ ಎಂಬ ವಿದ್ಯುತ್ ಆಘಾತದ ಯಂತ್ರ ಬಳಸಲು ಕಲಿಸಿದರು. ಲ್ಯಾಪ್‌ಟಾಪ್ ಚೀಲದಷ್ಟಿರುವ ಈ ಯಂತ್ರ ಬಾಯಿಮಾತಿನಲ್ಲೇ ದಾರಿ ಹೇಳುತ್ತದೆ. ಎರಡು ಪ್ಯಾಡ್ ಅಂಟಿಸಿದರೆ ಹೃದಯದ ತಾಳವನ್ನು ತಾನೇ ಓದುತ್ತದೆ, ಅದುರುತ್ತಿದ್ದರೆ ಮಾತ್ರ ಆಘಾತ ಕೊಡುತ್ತದೆ, ಇಲ್ಲದಿದ್ದರೆ ಗುಂಡಿ ಒತ್ತಿದರೂ ಕೊಡುವುದಿಲ್ಲ. 2000ದಲ್ಲಿ ಫಲಿತಾಂಶ ಪ್ರಕಟವಾಯಿತು. ಹೃದಯ ಹಾಗೆ ಅದುರುತ್ತ ಬಿದ್ದ 105 ಜನರಲ್ಲಿ ಶೇ 53 ಮಂದಿ ಆಸ್ಪತ್ರೆಯಿಂದ ಮನೆಗೆ ನಡೆದರು. ಬಿದ್ದದ್ದನ್ನು ಯಾರಾದರೂ ಕಂಡು ಮೂರು ನಿಮಿಷದೊಳಗೆ ಆಘಾತ ಸಿಕ್ಕಿದ್ದರೆ ಶೇ 74, ತಡವಾದರೆ ಶೇ 49. ಗಾರ್ಡ್‌ಗಳು ಸರಾಸರಿ 4.4 ನಿಮಿಷದಲ್ಲಿ ಮೊದಲ ಆಘಾತ ಕೊಟ್ಟಿದ್ದರು, ಆಂಬುಲೆನ್ಸಿನವರು ತಲುಪಿದ್ದು 9.8 ನಿಮಿಷಕ್ಕೆ. ಆ ಗಾರ್ಡ್‌ಗಳು ವೈದ್ಯಕೀಯ ಓದಿದವರಲ್ಲ, ಹತ್ತಿರವಿದ್ದವರು.

ಅಂಜನಾಪುರದ, ಕನಕಪುರ ರಸ್ತೆಯ ಅಪಾರ್ಟ್‌ಮೆಂಟುಗಳ ಗೇಟಿನಲ್ಲೂ ಹಗಲಿರುಳು ಗಾರ್ಡ್‌ಗಳಿದ್ದಾರೆ. ಅಸ್ಸಾಮಿನಿಂದಲೋ ಒಡಿಶಾದಿಂದಲೋ ನೇಪಾಳದಿಂದಲೋ ಬಂದವರು ಬಹಳ, ಹನ್ನೆರಡು ಗಂಟೆಯ ಪಾಳಿ. ಡೆಲಿವರಿ ಹುಡುಗರ ಹೆಸರು ಬರೆದುಕೊಳ್ಳುವುದು, ಕಾರಿಗೆ ಗೇಟು ತೆರೆಯುವುದು ಅವರ ಕೆಲಸ. ಯಾವ ಫ್ಲ್ಯಾಟಿನಿಂದ ಕೂಗು ಬಂದರೂ ಇಂಟರ್‌ಕಾಮ್ ಮೊದಲು ರಿಂಗಾಗುವುದು ಅವರ ಮೇಜಿನ ಮೇಲೆ. ಎಇಡಿಯ ಬೆಲೆ ಒಂದು ಲಕ್ಷ ರೂಪಾಯಿಯ ಆಸುಪಾಸು. ನೂರು ಮನೆಗಳಿದ್ದರೆ ತಲಾ ಸಾವಿರ. ಕಲಿಸುವುದಾದರೆ ಅವರ ಭಾಷೆಯಲ್ಲಿ ಕಲಿಸಬೇಕು, ಗಾರ್ಡ್ ಬದಲಾದಾಗ ಹೊಸಬರಿಗೆ ಮತ್ತೆ ಕಲಿಸಬೇಕು. ಒಂದು ಸೈಟು, ಒಂದು ಮನೆ ಎಂಬಂತಿರುವ ಕ್ರಾಸುಗಳಲ್ಲಿ ಗಾರ್ಡ್‌ಗಳ ಆ ಜಾಗ ಹಾಲಿನಂಗಡಿಯವರಿಗೆ, ಇಸ್ತ್ರಿ ಅಂಗಡಿಯವರಿಗೆ, ಆಟೊ ಸ್ಟ್ಯಾಂಡಿನವರಿಗೆ ಸಲ್ಲುತ್ತದೆ.

2024ರ ನವೆಂಬರಿನಲ್ಲಿ ನೆಲಮಂಗಲ ಕಡೆಯ ಬಿಎಂಟಿಸಿ ಬಸ್ಸೊಂದರ ಚಾಲಕ ಸ್ಟಿಯರಿಂಗ್ ಮೇಲೇ ಕುಸಿದಾಗ ನಿರ್ವಾಹಕ ಹಾರಿ ಬಂದು ಬಸ್ ನಿಲ್ಲಿಸಿದ್ದರು. ಪ್ರಯಾಣಿಕರು ಉಳಿದರು, ಚಾಲಕ ಉಳಿಯಲಿಲ್ಲ. ಬಸ್ ನಿಲ್ಲಿಸುವುದು ಹೇಗೆಂದು ದಿನವೂ ನೋಡಿದವರಿಗೆ ಗೊತ್ತಿರುತ್ತದೆ. ಎದೆ ಒತ್ತುವುದನ್ನು ದಿನವೂ ನೋಡಲು ಸಿಗುವುದಿಲ್ಲ, ಅದನ್ನು ಯಾರಾದರೂ ಚಾಪೆ ಹಾಸಿ ತೋರಿಸಬೇಕು.

ಯಾವುದೇ ಅಪಾರ್ಟ್‌ಮೆಂಟಿನ ಸಂಘ ಒಂದು ಭಾನುವಾರ ಮಾಡಿನೋಡಬಹುದಾದ ಪರೀಕ್ಷೆಯೊಂದಿದೆ. ಗೇಟಿನಲ್ಲಿ ಗಡಿಯಾರ ಶುರುಮಾಡಿ, ಗಾರ್ಡನ್ನು ಎಲ್ಲಕ್ಕಿಂತ ದೂರದ ಬ್ಲಾಕಿನ ಮೇಲಿನ ಮಹಡಿಗೆ ಕಳಿಸುವುದು. ಲಿಫ್ಟಿಗೆ ಕಾದದ್ದು, ಬಾಗಿಲು ತೆರೆದದ್ದು, ಎಲ್ಲ ಲೆಕ್ಕಕ್ಕೆ ಸೇರಲಿ. ಎಇಡಿ ಇರುವ ಕಡೆ ಅದನ್ನು ಹಿಡಿದುಕೊಂಡೇ ಹೋಗಲಿ. ಅದೇ ಪರೀಕ್ಷೆಯನ್ನು ರಾತ್ರಿ ಎರಡು ಗಂಟೆಗೆ ಮತ್ತೊಮ್ಮೆ ಮಾಡಬೇಕು. ಆಗ ಕ್ಲಬ್‌ಹೌಸಿಗೆ ಬೀಗ ಬಿದ್ದಿರುತ್ತದೆ, ಯಂತ್ರ ಒಳಗಿರುತ್ತದೆ, ಬೀಗದ ಕೈ ಸಂಜೆ ಆರಕ್ಕೆ ಮನೆಗೆ ಹೋದ ಮ್ಯಾನೇಜರ್ ಜೇಬಿನಲ್ಲಿರುತ್ತದೆ.